ಅಲಗಿನ ಮೇಲಿನ ಹೆಸರು

ಮನೆಗೆ ಸಾಮಾನು ಕೊಳ್ಳುವುದರಲ್ಲಿ ನಮ್ಮ ಹೆಂಗಸರಿಗೆ ಮೋಸ ಮಾಡುವುದು ಅಷ್ಟು ಸುಲಭವಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಮಡಕೆಯನ್ನು ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತೇವೆ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ. ಅಕ್ಕಿಯಾದರೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದು ನೋಡುವುದೂ ಉಂಟು. ಆದರೆ ಚಾಕುವಿನ ಅಂಗಡಿಯ ಮುಂದೆ ನಿಂತಾಗ ಈ ಜಾಣತನವೆಲ್ಲ ಎಲ್ಲಿಗೆ ಹೋಗುತ್ತದೋ ಕಾಣೆ! ಚಾಕುವನ್ನು ಕಚ್ಚಿ ನೋಡುವಂತಿಲ್ಲ, ಬಾರಿಸಿ ನೋಡುವಂತಿಲ್ಲ. ಹೊಳೆಯುತ್ತದೆಯೇ ಎಂದು ನೋಡುತ್ತೇವೆ, ಅಲಗಿನ ಮೇಲೆ ಏನು ಬರೆದಿದೆ ಎಂದು ಓದುತ್ತೇವೆ, ಅಷ್ಟೆ.

ಅದರಲ್ಲೂ ಮಡಚುವ ಚಾಕುವಿನ ಮಾಯೆಯೇ ಬೇರೆ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ, ವಸ್ತುಪ್ರದರ್ಶನದ ಮಳಿಗೆಯಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಹಿಡಿಗೆ ಮುತ್ತಿನ ಚಿಪ್ಪಿನಂಥ ಬಣ್ಣ, ಒಳಗೆ ಒಂದು ಅಲಗು, ಡಬ್ಬಿ ತೆರೆಯಲು ಒಂದು ಕೊಕ್ಕೆ, ಒಂದು ಪುಟ್ಟ ಕತ್ತರಿ, ಕೊನೆಗೆ ಕಿವಿಯ ಗುಗ್ಗೆ ತೆಗೆಯುವ ಕಡ್ಡಿಯೂ ಇರುತ್ತದೆ. ಟಕ್ಕೆಂದು ತೆರೆಯುತ್ತದೆ, ಟಕ್ಕೆಂದು ಮುಚ್ಚುತ್ತದೆ. ಪ್ರಯಾಣಕ್ಕೆ ಬೇಕಾಗುತ್ತದೆ, ಮಕ್ಕಳಿಗೆ ಹಣ್ಣು ಹೆಚ್ಚಿಕೊಡಲು ಆಗುತ್ತದೆ ಎಂದುಕೊಂಡು ಕೊಳ್ಳುತ್ತಾರೆ. ನಾಲ್ಕು ಸೇಬು ಹೆಚ್ಚುವಷ್ಟರಲ್ಲಿ ಅಲಗು ಹಿಡಿಯೊಳಗೆ ಕುಣಿಯತೊಡಗುತ್ತದೆ. ಕತ್ತರಿ ದಾರವನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಆ ಮೇಲೆ ಅದು ಹಳೆಯ ಬೀಗದಕೈಗಳಿರುವ ಡ್ರಾಯರನ್ನು ಸೇರುತ್ತದೆ. ಇಂಥ ಡ್ರಾಯರು ಇಲ್ಲದ ಮನೆಯನ್ನು ನಾನಂತೂ ಕಂಡಿಲ್ಲ.

ಈ ನಿರಾಸೆ ನಮ್ಮ ಕಾಲದ್ದಲ್ಲ, ನಮ್ಮ ದೇಶದ್ದು ಮಾತ್ರವೂ ಅಲ್ಲ. ಇದರಿಂದಾಗಿ ಪಾರ್ಲಿಮೆಂಟುಗಳು ಕಾನೂನು ಮಾಡಿವೆ, ಎರಡು ದೇಶಗಳ ನಡುವೆ ವ್ಯಾಪಾರದ ಜಗಳ ನಡೆದಿದೆ.

ಮೊದಲು ಒಂದು ವಿಷಯ ತಿಳಿಯಬೇಕು. ಚಾಕುವಿನ ಗುಣ ಅಡಗಿರುವುದು ಕಬ್ಬಿಣದಲ್ಲಿ ಬೆರೆತ ಇಂಗಾಲದಲ್ಲಿ ಮತ್ತು ಅದಕ್ಕೆ ಕೊಟ್ಟ ಹದದಲ್ಲಿ. ಇಂಗಾಲ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಾದರೆ ಅದು ಮೆದು ಕಬ್ಬಿಣ, ಮೊನೆ ನಿಲ್ಲುವುದಿಲ್ಲ. ನೂರಕ್ಕೆ ಎರಡು ಪಾಲಿಗಿಂತ ಹೆಚ್ಚಾದರೆ ಅದು ಬೀಡು, ಬಿದ್ದರೆ ಒಡೆಯುತ್ತದೆ. ನಡುವೆ, ಹೆಚ್ಚುಕಡಿಮೆ ಅರ್ಧ ಪಾಲಿನಿಂದ ಒಂದೂವರೆ ಪಾಲಿನವರೆಗೆ ಇರುವುದೇ ಅಲಗಿಗೆ ಬೇಕಾದ ಉಕ್ಕು. ಅದನ್ನೂ ಕೆಂಪಗೆ ಕಾಯಿಸಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿ, ಮತ್ತೆ ಹುಲ್ಲಿನ ಬಣ್ಣ ಬರುವಷ್ಟು ಮೆಲ್ಲಗೆ ಕಾಯಿಸಿ ಹದ ಮಾಡಬೇಕು. ಸಕ್ಕರೆ ಪಾಕದ ಹಾಗೆ, ಒಂದು ಗಳಿಗೆ ಆಚೀಚೆಯಾದರೆ ಕೆಟ್ಟಿತು. ತಮಾಷೆಯೆಂದರೆ ಉಜ್ಜಿ ಹೊಳಪು ಕೊಟ್ಟ ಮೇಲೆ ಮೆದು ಕಬ್ಬಿಣ, ಬೀಡು, ಉಕ್ಕು ಮೂರೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಚಾಕುವಿಗೆ ಒಪ್ಪುವಷ್ಟು ಇನ್ನಾವುದಕ್ಕೂ ಒಪ್ಪಲಾರದು. ಕಣ್ಣಿಗೆ ಗುಣ ಕಾಣದು. ಹಾಗಾಗಿ ಕೊಳ್ಳುವವಳು ನಂಬಬೇಕಾದದ್ದು ಅಲಗಿನ ಮೇಲೆ ಒತ್ತಿದ ಹೆಸರನ್ನು.

ಅಂಥ ಹೆಸರುಗಳಲ್ಲಿ ಹಳೆಯದು ಇಂಗ್ಲೆಂಡಿನ ಶೆಫೀಲ್ಡ್. ಸಾಣೆಚಕ್ರ ತಿರುಗಿಸಲು ಹೊಳೆಗಳು, ಸಾಣೆಗೆ ಮರಳುಗಲ್ಲು, ಕುಲುಮೆಗೆ ಇದ್ದಿಲು, ಎಲ್ಲ ಅಲ್ಲಿಯೇ ಸಿಗುತ್ತಿತ್ತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕವಿ ಚಾಸರ್ ತನ್ನ ಕಥೆಯ ಗಿರಣಿಯವನೊಬ್ಬನಿಗೆ ಶೆಫೀಲ್ಡಿನ ಚೂರಿಯನ್ನು ಕೊಟ್ಟಿದ್ದಾನೆ. 1624ರಲ್ಲಿ ಅಲ್ಲಿಯ ಚಾಕು ಕಸುಬಿನವರ ಸಂಘಕ್ಕೆ ಪಾರ್ಲಿಮೆಂಟಿನ ಕಾನೂನಿನ ಬಲ ಬಂತು. ಒಬ್ಬೊಬ್ಬ ಕಸುಬುದಾರನಿಗೂ ಒಂದೊಂದು ಗುರುತು. ಅದನ್ನು ಇನ್ನೊಬ್ಬ ಒತ್ತುವಂತಿಲ್ಲ.

ಗುರುತಿಗೆ ಬೆಲೆ ಬಂದ ಕೂಡಲೇ ಗುರುತಿನ ಕಳ್ಳತನವೂ ಬಂತು. ಒಂದು ಕಾಲಕ್ಕೆ ಶೆಫೀಲ್ಡಿಗಿಂತ ಲಂಡನ್ನಿನ ಚಾಕುವಿಗೆ ಹೆಚ್ಚು ಮರ್ಯಾದೆಯಿತ್ತು. ಹಾಗಾಗಿ ಬೇರೆ ಊರುಗಳಲ್ಲಿ ಮಾಡಿದ ಮಾಲಿನ ಮೇಲೂ ಲಂಡನ್ ಎಂದು ಒತ್ತುತ್ತಿದ್ದರು. ಬೀಡಿನಲ್ಲಿ ಎರಕ ಹೊಯ್ದ ಅಗ್ಗದ ಚಾಕುಗಳೂ ಸುತ್ತಿಗೆಯಿಂದ ಬಡಿದು ಮಾಡಿದವುಗಳ ವೇಷದಲ್ಲಿ ಮಾರಾಟವಾಗುತ್ತಿದ್ದವು. 1819ರಲ್ಲಿ ಇದಕ್ಕೆಂದೇ ಕಾನೂನು ಬಂತು. ಬಡಿದು ಮಾಡಿದ ಉಕ್ಕಿನ ಅಲಗಿಗೆ ಮಾತ್ರ ಸುತ್ತಿಗೆಯ ಗುರುತು. ಲಂಡನ್ನಿನ ಆಸುಪಾಸಿನಲ್ಲಿ ತಯಾರಾಗದ್ದಕ್ಕೆ ಲಂಡನ್ನಿನ ಹೆಸರು ಕೂಡದು. ಅದೇ ಕಾಲದಲ್ಲಿ ಪೀಟರ್ ಪಿಂಡಾರ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾನ್ ವಾಲ್ಕಟ್‌ನದು ಒಂದು ಹಾಸ್ಯ ಕವಿತೆಯಿದೆ. ಹಳ್ಳಿಯ ಮುಗ್ಧನೊಬ್ಬ ಸಂತೆಯಲ್ಲಿ ಹದಿನೆಂಟು ಪೆನ್ನಿಗೆ ಹನ್ನೆರಡು ಕ್ಷೌರದ ಕತ್ತಿ ಕೊಂಡುಕೊಳ್ಳುತ್ತಾನೆ. ಒಂದೂ ಗಡ್ಡ ಹೆರೆಯುವುದಿಲ್ಲ, ಮುಖವೆಲ್ಲ ಗಾಯ. ಮಾರಿದವನನ್ನು ಹುಡುಕಿ ಜಗಳಕ್ಕೆ ನಿಂತರೆ, ಅವನು ತಣ್ಣಗೆ ತಾನು ಅವನ್ನು ಗಡ್ಡಕ್ಕೆಂದು ಮಾಡಿಸಿಯೇ ಇರಲಿಲ್ಲ, ಮಾರುವುದಕ್ಕೆಂದೇ ಮಾಡಿಸಿದ್ದು ಎನ್ನುತ್ತಾನೆ! ಇನ್ನೂರು ವರ್ಷ ಕಳೆದರೂ ಈ ಉತ್ತರ ಹಳಸಿಲ್ಲ.

ಒಳ್ಳೆಯ ಉಕ್ಕು ಬಂದಾಗ ಬೇಡವೆಂದದ್ದೂ ಇದೇ ಶೆಫೀಲ್ಡ್. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದವನು ಸ್ಪ್ರಿಂಗಿಗೆ ತಕ್ಕ ಉಕ್ಕು ಸಿಗದೆ ಬೇಸತ್ತು, 1740ರ ದಶಕದಲ್ಲಿ ಮೂಸೆಯಲ್ಲಿ ಉಕ್ಕನ್ನು ಕರಗಿಸುವ ಕ್ರಮ ಕಂಡುಹಿಡಿದ. ಇದು ಬಹಳ ಗಟ್ಟಿ, ನಮ್ಮ ಕೈಗೆ ಒಗ್ಗದು ಎಂದು ಊರಿನ ಚಾಕುಗಾರರು ಮೂಗು ಮುರಿದರು. ಅವನು ಫ್ರಾನ್ಸಿಗೆ ಮಾರತೊಡಗಿದ. ಫ್ರೆಂಚರ ಚಾಕು ಹೆಸರು ಮಾಡಿದ ಮೇಲೆ ಊರಿನವರಿಗೂ ಅದು ಬೇಕಾಯಿತು.

ಮೂಸೆಯ ಉಕ್ಕು ನಮ್ಮ ನಾಡಿಗೆ ಹೊಸದಾಗಿರಲಿಲ್ಲ ಎನ್ನುವುದನ್ನು ಇಲ್ಲಿ ಹೇಳದಿರಲಾರೆ. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಇಲ್ಲಿಯ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಅಲ್ಲಿ ಅದಕ್ಕೆ ‘ವೂಟ್ಜ್’ ಎಂಬ ಹೆಸರು ಬಿತ್ತು. ಅದು ನಮ್ಮ ಕನ್ನಡದ ‘ಉಕ್ಕು’ ಎಂಬ ಮಾತೇ ಸೊಟ್ಟಗಾದದ್ದು ಎಂದು ಬಹಳ ವಿದ್ವಾಂಸರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆಗೆ ಬಂದ ಫ್ರಾನ್ಸಿಸ್ ಬುಕಾನನ್, ಮಾಗಡಿಯ ಕಡೆ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಹಾಕಿ ಮುಚ್ಚಿ ಕಾಯಿಸುವುದನ್ನು ಬರೆದಿಟ್ಟಿದ್ದಾನೆ. ಕಡ್ಡಿ ಉರಿದು ಆದ ಇಂಗಾಲವೇ ಕಬ್ಬಿಣದೊಳಗೆ ಸೇರಿ ಉಕ್ಕಾಗುವುದು. ಲಂಡನ್ನಿನ ಚಾಕುಗಾರ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕಿನಲ್ಲಿ ಕ್ಷೌರದ ಕತ್ತಿ, ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡಿ, ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ತನಗೆ ಮೆಚ್ಚು ಎಂದು ಅಂಗಡಿಯ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದ. ವಿದ್ಯುತ್ತಿನ ಮೈಕೇಲ್ ಫ್ಯಾರಡೆ ಅವನ ಜೊತೆ ಸೇರಿ ಇದರ ಮೇಲೆ ಪ್ರಯೋಗ ನಡೆಸಿದ. ಇಷ್ಟಾದರೂ ಮಾಗಡಿಯ ಕುಲುಮೆಯವನು ಮೂಸೆಯ ಮೇಲೆ ತನ್ನ ಹೆಸರು ಒತ್ತಿರಲಿಲ್ಲ. ಆ ಶತಮಾನ ಕಳೆಯುವುದರೊಳಗೆ ಅವನ ಕುಲುಮೆ ಆರಿತು, ಹೆಸರು ಒತ್ತಿದ ಶೆಫೀಲ್ಡಿನ ಮಾಲು ನಮ್ಮ ಪೇಟೆಗೆ ಬಂತು.

ಆ ಶೆಫೀಲ್ಡಿಗೂ ಒಬ್ಬ ಎದುರಾಳಿ ಹುಟ್ಟಿಕೊಂಡ. ಜರ್ಮನಿಯ ಜೋಲಿಂಗೆನ್ ಎಂಬ ಊರು ಕತ್ತಿಗಳಿಗೆ ಹೆಸರಾದದ್ದು. ಬೇರೆಯವರ ಗುರುತು ಒತ್ತುವುದರಲ್ಲೂ ಅದು ಹಳಬ: ಪಾಸೌ ಊರಿನ ಕತ್ತಿಗಳ ಮೇಲಿನ ತೋಳದ ಚಿತ್ರವನ್ನು ಹಿಂದೆಯೇ ತನ್ನ ಕತ್ತಿಗಳ ಮೇಲೆ ಕೊರೆದುಕೊಂಡಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ಬಂದ ಅಗ್ಗದ ಚಾಕು ಕತ್ತರಿಗಳ ಮೇಲೆ ಶೆಫೀಲ್ಡ್ ಎಂದೋ ಅಲ್ಲಿಯ ಕಸುಬುದಾರರ ಗುರುತೋ ಇರುತ್ತಿತ್ತು. ಬೀಡಿನ ಅಲಗಿನ ಮೇಲೆ ಒಳ್ಳೆಯ ಉಕ್ಕು ಎಂಬ ಮುದ್ರೆ. ಇಂಗ್ಲೆಂಡಿನ ವ್ಯಾಪಾರಿಗಳೇ ಅಂಥ ಮಾಲನ್ನು ಹೇಳಿ ಮಾಡಿಸಿ ತರಿಸುತ್ತಿದ್ದರು ಎನ್ನುವುದನ್ನೂ ಮರೆಯುವಂತಿಲ್ಲ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ, ಜರ್ಮನಿಯ ಪ್ರತಿನಿಧಿಯಾಗಿ ಹೋದ ಪ್ರೊಫೆಸರ್ ಫ್ರಾಂಜ್ ರೂಲೋ ತನ್ನ ದೇಶದ ಮಾಲು ಅಗ್ಗ ಮತ್ತು ಕಳಪೆ ಎಂದು ಬಹಿರಂಗವಾಗಿ ಬರೆದುಬಿಟ್ಟ. ತನ್ನವರ ಮೇಲೆ ತಾನೇ ಹೀಗೆ ಬರೆಯಲು ಎದೆ ಬೇಕು. ಊರಿಗೆ ಬಂದಾಗ ಅವನಿಗೆ ಬೈಗುಳವೇನೂ ಕಡಿಮೆ ಬೀಳಲಿಲ್ಲ.

1887ರ ಆಗಸ್ಟಿನಲ್ಲಿ ಇಂಗ್ಲೆಂಡು ಕಾನೂನು ತಂದಿತು. ಇಂಗ್ಲಿಷ್ ಮಾಲೆಂದು ತೋರುವಂಥ ಗುರುತು ಹೊತ್ತು ಹೊರದೇಶದಿಂದ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕು. ‘ಮೇಡ್ ಇನ್ ಜರ್ಮನಿ’ ಎಂಬ ಮುದ್ರೆ ಹೀಗೆ ಹುಟ್ಟಿತು. ಕಳಪೆಯ ಹಣೆಪಟ್ಟಿಯಾಗಿ ಹುಟ್ಟಿತು. ಮುಂದೆ ಆದದ್ದೇ ಬೇರೆ. ಬೇರೆಯವರ ಹೆಸರಿನ ಹಿಂದೆ ಅಡಗಲು ದಾರಿ ಮುಚ್ಚಿದ ಮೇಲೆ ಸ್ವಂತ ಹೆಸರಿನ ಮಾನ ಕಾಯಲೇಬೇಕಾಯಿತು. ಜರ್ಮನ್ ಮಾಲು ಸುಧಾರಿಸುತ್ತ ಬಂತು. ಹತ್ತು ವರ್ಷ ತುಂಬುವ ಮೊದಲೇ, 1896ರಲ್ಲಿ, ‘ಮೇಡ್ ಇನ್ ಜರ್ಮನಿ’ ಎಂಬ ಹೆಸರಿನಲ್ಲೇ ಇಂಗ್ಲೆಂಡಿನವರನ್ನು ಎಚ್ಚರಿಸುವ ಪುಸ್ತಕವೊಂದು ಲಂಡನ್ನಿನಲ್ಲಿ ಬಂತು. 1938ರಲ್ಲಿ ಜೋಲಿಂಗೆನ್ ಎಂಬ ಹೆಸರನ್ನು ಬೇರೆಯವರು ಕದಿಯದಂತೆ ಜರ್ಮನಿಯೇ ಕಾನೂನು ಮಾಡಬೇಕಾಯಿತು!

ಮಡಚುವ ಚಾಕುಗಳಲ್ಲಿ ಜಗತ್ತು ಹೆಚ್ಚು ಬಲ್ಲದ್ದು ಸ್ವಿಟ್ಜರ್ಲೆಂಡಿನ ಸೈನಿಕರ ಚಾಕು. ಅದರ ಮೊದಲ ಕಂತನ್ನು ಮಾಡಿಕೊಟ್ಟದ್ದು ಕೂಡ ಜೋಲಿಂಗೆನ್. ಅಷ್ಟು ಸಾವಿರ ಚಾಕು ಒಟ್ಟಿಗೆ ಮಾಡುವ ಕಾರ್ಖಾನೆ ಸ್ವಿಟ್ಜರ್ಲೆಂಡಿನಲ್ಲಿ ಇರಲಿಲ್ಲ. ಇಬಾಕ್ ಎಂಬ ಹಳ್ಳಿಯಲ್ಲಿ 1884ರಲ್ಲಿ ಅಂಗಡಿ ತೆರೆದಿದ್ದ ಕಾರ್ಲ್ ಎಲ್ಸೆನರ್ ಎಂಬವನು 1891ರಲ್ಲಿ ಈ ಕೆಲಸ ನಮ್ಮೂರಿಗೇ ಬರಲೆಂದು ಕೈ ಹಾಕಿದ. ಜರ್ಮನ್ನರ ಬೆಲೆಯ ಮುಂದೆ ನಿಲ್ಲಲಾರದೆ ದಿವಾಳಿಯ ಅಂಚಿಗೆ ಹೋಗಿ ನಿಂತ. ಸೋಲದೆ, 1897ರಲ್ಲಿ ಹಗುರವಾದ ಹೊಸ ಚಾಕುವೊಂದನ್ನು ನೋಂದಾಯಿಸಿದ. ಅದು ಅವನನ್ನು ಉಳಿಸಿತು. ಅಂಗಡಿಗೆ ಮೊದಲಿನಿಂದ ಬೆನ್ನಿಗೆ ನಿಂತಿದ್ದವಳು ಅವನ ತಾಯಿ ವಿಕ್ಟೋರಿಯಾ. 1909ರಲ್ಲಿ ಆಕೆ ತೀರಿಕೊಂಡಾಗ ಆ ಹೆಸರನ್ನೇ ತನ್ನ ಮಾಲಿನ ಗುರುತಾಗಿ ಇಟ್ಟ. ಇಂದಿನ ವಿಕ್ಟೋರಿನಾಕ್ಸ್ ಎಂಬ ಹೆಸರಿನಲ್ಲಿ ಇರುವುದು ಆ ತಾಯಿಯೇ. ಗಂಡಸರ ಜೇಬಿನ ಈ ಸಾಮಾನಿನ ಮೇಲೆ ಒಬ್ಬ ಹೆಂಗಸಿನ ಹೆಸರಿರುವುದು ನನಗೆ ಬಹಳ ಸಂತೋಷದ ವಿಷಯ.

ಹೆಸರಿಲ್ಲದ ಹೆಂಗಸರು ಇನ್ನೆಷ್ಟೋ ಮಂದಿ. ಶೆಫೀಲ್ಡಿನಲ್ಲಿ ಸಾಣೆ ಹಿಡಿಯುತ್ತಿದ್ದವರು ಗಂಡಸರು. ಕಲ್ಲಿನ ದೂಳು ಎದೆಗೆ ಹೋಗಿ ಅವರಲ್ಲಿ ಬಹಳ ಮಂದಿ ನಲವತ್ತು ತುಂಬುವ ಮೊದಲೇ ಸಾಯುತ್ತಿದ್ದರು. ಹೊಳಪು ಕೊಡುವ ಕೆಲಸ ಹುಡುಗಿಯರದು. ‘ಬಫರ್ ಹುಡುಗಿಯರು’ ಎಂದೇ ಅವರ ಹೆಸರು. ತಲೆಗೆ ಬಟ್ಟೆ ಸುತ್ತಿ, ಮೈಗೆ ಕಂದು ಕಾಗದ ಕಟ್ಟಿಕೊಂಡು ತಿರುಗುವ ಚಕ್ರದ ಮುಂದೆ ಇಡೀ ದಿನ ನಿಂತು, ಸಂಜೆಗೆ ಮುಖವೆಲ್ಲ ಮಸಿಯಾಗಿ ಮನೆಗೆ ಹೋಗುತ್ತಿದ್ದರು. ನಮ್ಮ ಕಣ್ಣು ಕಟ್ಟುವ ಆ ಹೊಳಪಿನ ಹಿಂದೆ ಇದ್ದದ್ದು ಆ ಮಸಿ.

ಆ ಚಾಕು ಮನೆ ಸೇರಿದ ಮೇಲೂ ದುಡಿಮೆ ಮುಗಿಯುತ್ತಿರಲಿಲ್ಲ. ಹಳೆಯ ಉಕ್ಕು ನಿಂಬೆಹುಳಿ ತಗುಲಿದರೆ ಕಪ್ಪಾಗುತ್ತಿತ್ತು, ಒರಸದೆ ಬಿಟ್ಟರೆ ತುಕ್ಕು. ನಮ್ಮಲ್ಲಿ ಈಳಿಗೆಮಣೆಯನ್ನು ಒರಸಿ, ಎಣ್ಣೆಕೈ ಸವರಿ ಇಡುತ್ತಿದ್ದ ಹಾಗೆ, ಅಲ್ಲಿ ಊಟವಾದ ಮೇಲೆ ಕೆಲಸದವಳು ಚಾಕುಗಳನ್ನು ಇಟ್ಟಿಗೆ ಪುಡಿಯಲ್ಲಿ ಉಜ್ಜಬೇಕಿತ್ತು. ಈ ಕಷ್ಟಕ್ಕೆ ಕೊನೆ ತಂದವನು ಹ್ಯಾರಿ ಬ್ರೇರ್ಲಿ, ಶೆಫೀಲ್ಡಿನ ಬಡ ಮನೆಯ ಮಗ. 1913ರಲ್ಲಿ ಬಂದೂಕಿನ ನಳಿಗೆ ಸವೆಯದಂತೆ ಮಾಡಲು ಕಬ್ಬಿಣಕ್ಕೆ ಕ್ರೋಮಿಯಂ ಬೆರೆಸಿ ನೋಡುತ್ತಿದ್ದಾಗ ತುಕ್ಕು ಹಿಡಿಯದ ಉಕ್ಕು ಅವನ ಕೈಗೆ ಬಂತು. ಇದರಲ್ಲಿ ಚಾಕು ಮಾಡಿ ಎಂದು ಊರಿನವರಿಗೆ ಕೊಟ್ಟ. ಹಳೆಯ ಉಕ್ಕಿನ ಹದವನ್ನೇ ಇದಕ್ಕೂ ಕೊಟ್ಟು ಕೆಡಿಸಿದ ಅವರು, ಕತ್ತರಿಸದ ಚಾಕು ಕಂಡುಹಿಡಿದವನು ಎಂದು ಅವನನ್ನು ಆಡಿಕೊಂಡರು. ಕೊನೆಗೆ ಅರ್ನೆಸ್ಟ್ ಸ್ಟುವರ್ಟ್ ಎಂಬ ಚಾಕು ಕಾರ್ಖಾನೆಯ ಮೇಲ್ವಿಚಾರಕ ಅದನ್ನು ವಿನೆಗರಿನಲ್ಲಿ ಹಾಕಿ ನೋಡಿ, ಕಲೆಯಾಗದ್ದನ್ನು ಕಂಡು ‘ಸ್ಟೇನ್‌ಲೆಸ್’ ಎಂದು ಹೆಸರಿಟ್ಟ. ಇಂದು ನಮ್ಮ ಅಡುಗೆಮನೆಯ ತಟ್ಟೆ ಲೋಟದಲ್ಲೆಲ್ಲ ಇರುವ ಹೆಸರು ಅದು.

ಆದರೆ ‘ಸ್ಟೇನ್‌ಲೆಸ್’ ಎಂದರೆ ತುಕ್ಕು ಹಿಡಿಯದು ಎಂದಷ್ಟೇ ಅರ್ಥ, ಹರಿತವಾಗಿರುತ್ತದೆ ಎಂದಲ್ಲ. ಚಮಚ ಮಾಡುವ ಮೆದು ಸ್ಟೇನ್‌ಲೆಸ್‌ನಲ್ಲಿ ಮಾಡಿದ ಚಾಕು ಚಮಚದ ಹಾಗೆಯೇ ಕತ್ತರಿಸುತ್ತದೆ. ಲಂಡನ್, ಶೆಫೀಲ್ಡ್ ಎಂಬ ಹೆಸರುಗಳು ಹಿಂದೆ ಮಾಡಿದ ಕೆಲಸವನ್ನು ಈಗ ಈ ಮಾತು ಮಾಡುತ್ತಿದೆ.

ಹಾಗಾದರೆ ನಂಬುವುದು ಯಾರನ್ನು? ನನಗೆ ತೋಚುವುದು ಬೀದಿಯಲ್ಲಿ ಸಾಣೆ ಎಂದು ಕೂಗುತ್ತ ಬರುವವನನ್ನು. ಈಗ ಅಪರೂಪವಾದರೂ ಕೆಲವು ಊರುಗಳಲ್ಲಿ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬರುತ್ತಾನೆ. ಅಲಗನ್ನು ಕಲ್ಲಿಗೆ ತಾಗಿಸಿದಾಗ ಏಳುವ ಕಿಡಿಯನ್ನು ನೋಡಿ: ಮೆದು ಕಬ್ಬಿಣದ ಕಿಡಿ ಉದ್ದನೆಯ ಗೆರೆಯಾಗಿ ಹೋಗಿ ಆರುತ್ತದೆ; ಇಂಗಾಲ ತುಂಬಿದ ಉಕ್ಕಿನ ಕಿಡಿ ಸುರುಸುರುಬತ್ತಿಯ ಹಾಗೆ ತುದಿಯಲ್ಲಿ ಕವಲಾಗಿ ಸಿಡಿಯುತ್ತದೆ. ಕಾರ್ಖಾನೆಗಳಲ್ಲೂ ಲೋಹವನ್ನು ಹೀಗೆ ಪರೀಕ್ಷಿಸುವುದುಂಟು. ಅಂಗಡಿಯವನು ಇದಕ್ಕೆ ಒಪ್ಪಲಾರ, ನಿಜ. ಆದರೆ ಮನೆಯಲ್ಲಿರುವ ಹಳೆಯ ಚಾಕುಗಳನ್ನೆಲ್ಲ ಒಮ್ಮೆ ಅವನ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲಿ. ಅಜ್ಜಿಯ ಕಾಲದ, ಹೆಸರೇ ಇಲ್ಲದ ಕಪ್ಪು ಕತ್ತಿಯಿಂದ ಹೂವಿನಂಥ ಕಿಡಿ ಎದ್ದರೆ ಆಶ್ಚರ್ಯಪಡಬೇಡಿ. ಅದನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ ಒಳಗಿಡಿ.