ಸೊಲ್ಲಾಪುರ–ಅಕ್ಕಲಕೋಟೆ–ಜತ್ತ ಸೀಮೆಯ ನಿತ್ಯದ ಊಟ: ಒಂದು ಐತಿಹಾಸಿಕ ನೋಟ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧ, ಶಾಸನ ಎಂದು ನಾವು ಬಹುಕಾಲ ವಿದ್ಯಾರ್ಥಿಗಳಿಗೆ ಕಲಿಸುತ್ತ ಬಂದೆವು. ಆ ಅರಸರ ದಂಡಿನಲ್ಲಿ ನಡೆದವನು, ಶಾಸನದ ಕಲ್ಲನ್ನು ಹೊತ್ತು ತಂದವನು ಹಗಲಿಗೆ ಏನನ್ನು ಉಂಡನೆಂದು ನಾವು ಕೇಳಲೂ ಇಲ್ಲ, ಕಲಿಸಲೂ ಇಲ್ಲ. ಗಡಿಸೀಮೆಯ ನಮ್ಮ ಬಾಳಿನಲ್ಲಿ ರಾಜ್ಯಗಳು ಬದಲಾದವು, ಕಚೇರಿಯ ಭಾಷೆ ಬದಲಾಯಿತು. ಜೋಳದ ರೊಟ್ಟಿ ಮಾತ್ರ ಬದಲಾಗದೆ ಉಳಿದಿತ್ತು. ಅದರ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ನಿವೇದಿಸುವದು ಈ ಲೇಖನದ ಉದ್ದೇಶ.

ಜೋಳವು ಮೂಲತಃ ಈ ನೆಲದ ಬೆಳೆಯಲ್ಲ. ಆಫ್ರಿಕ ಖಂಡದ ಈಶಾನ್ಯ ಭಾಗದಲ್ಲಿ ಅದನ್ನು ಮೊದಲು ಪಳಗಿಸಿದರೆಂದೂ, ಸಾವಿರಾರು ವರ್ಷಗಳ ಹಿಂದೆಯೇ ಅದು ಭರತಖಂಡಕ್ಕೆ ಬಂದಿತೆಂದೂ ಸಂಶೋಧಕರು ಒಪ್ಪುತ್ತಾರೆ. ಆದರೆ ಬಂದ ಬೆಳೆಗೆ ನಮ್ಮ ಎರೆಭೂಮಿ ತವರುಮನೆಯೇ ಆಯಿತು. ಮುಂಗಾರಿಯ ಕೊನೆಯ ಮಳೆಯನ್ನು ಎರೆಮಣ್ಣು ಹೀರಿ ಹಿಡಿದಿಡುತ್ತದೆ. ಹಿಂಗಾರಿ ಜೋಳ ಆ ಹಸಿಯನ್ನೇ ನಂಬಿ, ಚಳಿಗಾಲದ ಇಬ್ಬನಿಯಲ್ಲಿ ಬೆಳೆದು, ಬೇಸಿಗೆಯ ಬಾಗಿಲಲ್ಲಿ ಕೊಯ್ಲಿಗೆ ಬರುತ್ತದೆ. ಕಾಳು ಮನುಷ್ಯನಿಗೆ, ಕಣಿಕೆ ದನಕ್ಕೆ. ಇಂಥ ಬೆಳೆ ಮಳೆ ಕಡಿಮೆಯ ಸೀಮೆಗೆ ಮತ್ತೊಂದು ದೊರೆಯಲಾರದು.

ಕನ್ನಡ ಭಾಷೆಯೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಹಳಗನ್ನಡದಲ್ಲಿ ‘ಜೋಳವಾಳಿ’, ‘ಜೋಳದ ಪಾಳಿ’ ಎಂಬ ಮಾತುಗಳಿವೆ. ಒಡೆಯನ ಅನ್ನ ಉಂಡದ್ದಕ್ಕಾಗಿ ರಣದಲ್ಲಿ ಪ್ರಾಣ ಕೊಡುವ ನಿಷ್ಠೆಗೆ ಆ ಹೆಸರು. ಇಂದು ನಾವು ‘ಉಪ್ಪಿನ ಋಣ’ ಎನ್ನುವಲ್ಲಿ ನಮ್ಮ ಹಿರಿಯರು ಜೋಳದ ಋಣವೆಂದರು. ಉಣ್ಣುವ ಕಾಳೊಂದು ನೀತಿಯ ಹೆಸರಾಗಬೇಕಾದರೆ ಅದು ಜನಜೀವನದಲ್ಲಿ ಎಷ್ಟು ಆಳಕ್ಕೆ ಇಳಿದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಅರಮನೆಯ ಊಟದ ವರ್ಣನೆ ನಮಗೆ ಬೇಕಾದಷ್ಟು ದೊರೆಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ಪ್ರಕರಣವೇ ಇದೆ, ಗೋಧಿಯ ಮಂಡಗೆ, ಉದ್ದಿನ ಹಿಟ್ಟಿನ ಭಕ್ಷ್ಯ, ಬಗೆಬಗೆಯ ಮಾಂಸದ ಅಡಿಗೆ ಅಲ್ಲಿ ಬರುತ್ತವೆ. ೧೫೦೮ರ ಸುಮಾರಿಗೆ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನೇ ಬರೆದನು. ಬಡವನ ಊಟದ ಮಾತು ಬೇಕಾದರೆ ನಾವು ಶರಣರ ಕಡೆಗೆ ತಿರುಗಬೇಕು. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನು ಚೋಳರಾಜನ ಮೃಷ್ಟಾನ್ನಕ್ಕಿಂತ ರುಚಿಯೆಂದು ಉಂಡ ಕಥೆಯನ್ನು ಅರಿಯದವರಿಲ್ಲ. ಬಸವಣ್ಣನವರು ಕರಣಿಕರಾಗಿದ್ದರೆಂದು ಪ್ರತೀತಿಯಿರುವ ಮಂಗಳವೇಡೆಯು ಇಂದಿಗೂ ಜೋಳಕ್ಕೆ ಹೆಸರಾದ ಊರಾಗಿರುವದು ನಮಗೆ ಸಂತೋಷದ ಸಂಗತಿ. ಅಲ್ಲಿಯ ಜೋಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಆದರೆ ಆ ಕಾಲದ ತಾಟು ಇಂದಿನ ತಾಟಿನಂತಿರಲಿಲ್ಲವೆಂಬುದನ್ನು ಮರೆಯಬಾರದು. ರೊಟ್ಟಿಯ ಮಗ್ಗುಲಿಗೆ ಇಂದು ಕೆಂಪು ಖಾರ, ಶೇಂಗಾ ಹಿಂಡಿ ಇಲ್ಲದಿದ್ದರೆ ಊಟವೇ ಅಲ್ಲ. ಆದರೆ ಮೆಣಸಿನಕಾಯಿ, ಶೇಂಗಾ ಎರಡೂ ಅಮೇರಿಕ ಖಂಡಗಳ ಕಡೆಯವು. ೧೪೯೮ರಲ್ಲಿ ಪೋರ್ತುಗೀಜರು ಈ ದೇಶಕ್ಕೆ ಬಂದ ನಂತರವೇ ಅವು ಇಲ್ಲಿಗೆ ಬಂದದ್ದು. ಸಿದ್ಧರಾಮನ ಕಾಲದ ಸೊನ್ನಲಿಗೆಯಲ್ಲಿ ಖಾರಕ್ಕೆ ಕರಿಮೆಣಸೇ ಗತಿ. ಗುರೆಳ್ಳು, ಅಗಸಿ, ಹುಣಸಿ, ಬದನೆ ಇವು ನಿಜವಾಗಿಯೂ ಹಳೆಯವು. ನಮ್ಮದು ಎಂದು ನಾವು ಅಭಿಮಾನಪಡುವ ಊಟ ಹೊರಗಿನದನ್ನು ಒಳಗೆ ಕರೆದುಕೊಂಡೇ ಬೆಳೆದದ್ದು.

ಈ ಊಟದ ಇತಿಹಾಸದಲ್ಲಿ ಬರಗಾಲಗಳೂ ಸೇರಿವೆ. ೧೩೯೬ರಿಂದ ಹನ್ನೆರಡು ವರ್ಷ ನಡೆಯಿತೆಂಬ ದುರ್ಗಾದೇವಿಯ ಬರದ ನೆನಪು ಐತಿಹ್ಯದಲ್ಲಿ ಉಳಿದಿದೆ. ೧೮೭೬–೭೮ರ ಬರದಲ್ಲಿ ಸೊಲ್ಲಾಪುರ ಜಿಲ್ಲೆ ಬಹಳ ನೊಂದಿತು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ರತ್ತಲು ಕಾಳು, ಮೇಲೆ ಒಂದಾಣೆ ಸಾಕೆಂದು ಆಂಗ್ಲ ಸರಕಾರ ೧೮೭೭ರಲ್ಲಿ ನಿಶ್ಚಯಿಸಿತು. ಒಂದು ರತ್ತಲೆಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ೧೯೭೨ರ ಬರದ ಮಾತನ್ನು ನಾವು ನಮ್ಮ ಅವ್ವನ ಬಾಯಿಂದಲೇ ಕೇಳಿದ್ದೇವೆ. ಅಮೇರಿಕದಿಂದ ಬಂದ ‘ಮಿಲೋ’ ಎಂಬ ಕೆಂಪು ಜೋಳ, ಕಾಮಗಾರಿಯಲ್ಲಿ ಹಂಚಿದ ‘ಸುಕಡಿ’ ಇವುಗಳಿಂದ ಜೀವ ಉಳಿಯಿತು. “ಜೀವ ಉಳೀತು, ಆದ್ರ ರೊಟ್ಟಿ ಬಾಯಿಗೆ ಹತ್ತಲಿಲ್ಲ” ಎಂದು ಅವಳು ಹೇಳುತ್ತಿದ್ದಳು. ಹಸಿದವರಿಗೆ ರುಚಿಯ ಮಾತೇಕೆಂದು ಓದಿದವರು ಕೇಳಬಹುದು. ಹಸಿದವನಿಗೂ ನಾಲಗೆಯಿದೆ ಎಂಬುದು ಅವಳ ಮಾತಿನ ಅರ್ಥ.

ಆ ನಾಲಗೆಯೇ ನಮ್ಮ ಜೋಳವನ್ನು ಕಾಯ್ದಿತು. ಸೊಲ್ಲಾಪುರ ಜಿಲ್ಲೆಯ ಮೋಹೋಳದ ಕೃಷಿ ಸಂಶೋಧನ ಕ್ಷೇತ್ರದಲ್ಲಿ, ರೈತರ ನಾಡತಳಿಯಿಂದಲೇ ಆಯ್ದ ‘ಮಾಲದಂಡಿ ೩೫–೧’ ಸ್ವಾತಂತ್ರ್ಯಪೂರ್ವದ್ದು. ೧೯೬೪ರಲ್ಲಿ ಮೊದಲ ಸಂಕರ ಜೋಳ ಬಂದಾಗ ಅದರ ಇಳುವರಿ ಹೆಚ್ಚೆಂದು ಎಲ್ಲರೂ ಒಪ್ಪಿದರು. ಮುಂಗಾರಿಗೆ ಬಿತ್ತಿದರು ಕೂಡ. ಆದರೆ ಅದರ ರೊಟ್ಟಿ ನಮ್ಮವರಿಗೆ ಸೇರಲಿಲ್ಲ. ಹಿಂಗಾರಿಯ ಹೊಲದಲ್ಲಿ, ಮುತ್ತಿನಂಥ ಬಿಳಿ ಕಾಳಿನ, ಸಿಹಿ ರೊಟ್ಟಿಯ, ಒಳ್ಳೆಯ ಕಣಿಕೆಯ ಮಾಲದಂಡಿಯನ್ನು ರೈತ ಬಿಟ್ಟುಕೊಡಲಿಲ್ಲ.

ಹಬ್ಬದ ಮಾತನ್ನು ಆಡದೆ ಮುಂದೆ ಹೋಗಲಾರೆವು. ಎಳ್ಳು ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿದ ಮೇಲೆಯೇ ಮನೆಮಂದಿಯ ಊಟ: ಸಜ್ಜೆ ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಸಂಕ್ರಮಣದ ಮುಂಚಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಅದೇ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಜಾತ್ರೆ. ಹಾಲುಗಾಳಿನ ಸೀತನಿ ತಿನ್ನಲು ನೆಂಟರನ್ನು ಹೊಲಕ್ಕೆ ಕರೆಯುವದೂ ನಮ್ಮಲ್ಲಿ ದೊಡ್ಡ ಉಪಚಾರ. ಮರಾಠಿ ಮನೆಯಲ್ಲಿ ಇದನ್ನೇ ‘ಹುರಡಾ’ ಎನ್ನುತ್ತಾರೆ, ರೊಟ್ಟಿಯನ್ನು ‘ಭಾಕರಿ’ ಎನ್ನುತ್ತಾರೆ. ಹೆಸರು ಎರಡಾದರೂ ಹೆಂಚು ಒಂದೇ. ಗಡಿಯ ಎರಡು ನುಡಿಗಳು ಜಗಳವಿಲ್ಲದೆ ಕೂಡುವ ಸ್ಥಳ ಅಡಿಗೆಮನೆ.

ಈಗ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಮಾತಿಗೆ ಬರುತ್ತೇವೆ. ೧೯೮೦ರಲ್ಲಿ ಭೀಮಾನದಿಯ ಉಜನಿ ಆಣೆಕಟ್ಟು ಮುಗಿದ ಮೇಲೆ ನೀರು ಕಂಡ ಹೊಲಕ್ಕೆ ಕಬ್ಬು ಬಂದಿತು. ಪಡಿತರದ ಅಂಗಡಿಯಿಂದ ಗೋಧಿ, ಅಕ್ಕಿ ಮನೆ ಸೇರಿದವು. ಶಾಲೆಯ ಮಧ್ಯಾಹ್ನದ ಊಟದಲ್ಲಿ ಖಿಚಡಿ ಬಂದಿತು. ಇವುಗಳನ್ನು ನಾವು ನಿಂದಿಸಲಾರೆವು. ಹಸಿದ ಮಗು ಪಾಠ ಕೇಳಲಾರದೆಂಬುದನ್ನು ಮುಖ್ಯಾಧ್ಯಾಪಕರಾದ ನಾವು ಬಲ್ಲೆವು. ಆದರೆ ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ‘ನಮ್ಮ ಮನೆಯ ಊಟ’ ಎಂಬ ನಿಬಂಧ ಕೊಟ್ಟಾಗ, ಒಬ್ಬ ಹುಡುಗನು ‘ರೊಟ್ಟಿ’ ಎಂದು ಬರೆದು, ಅದನ್ನು ಹೊಡೆದುಹಾಕಿ, ‘ಚಪಾತಿ’ ಎಂದು ತಿದ್ದಿದ್ದನು. ಯಾಕಪ್ಪಾ ಎಂದು ಕೇಳಿದೆವು. “ಬರಿಯೂದ್ರಾಗ ರೊಟ್ಟಿ ಛಲೋ ಕಾಣೂದಿಲ್ರಿ ಸರ್” ಎಂದನು.

ಆ ಉತ್ತರ ಕೇಳಿ ನಾವು ಸುಮ್ಮನಾದೆವು. ಅವನಿಗೆ ಹಾಗೆ ಕಲಿಸಿದವರು ಯಾರು? ಸಮತೋಲ ಆಹಾರದ ಪಾಠದಲ್ಲಿ ಹಾಲು, ತತ್ತಿ, ಗೋಧಿ, ಸೇಬು ಎಂದು ಕಪ್ಪುಹಲಗೆಯ ಮೇಲೆ ಬರೆದವರು ನಾವೇ, ಅದರಲ್ಲಿ ಜೋಳವಿರಲಿಲ್ಲ. ಶಿಕ್ಷಕ ಪ್ರಶಿಕ್ಷಣದ ದಿನಗಳಲ್ಲಿ ವಸತಿಗೃಹದ ಗೆಳೆಯರ ಕಣ್ಣು ತಪ್ಪಿಸಿ, ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಯ ಬುತ್ತಿಯನ್ನು ಬಿಚ್ಚಿದವರೂ ನಾವೇ. ಹುಡುಗನ ಕೈಯಿಂದ ಬಿದ್ದ ಆ ಗೀಟು ನಮ್ಮದೇ ಆಗಿತ್ತು.

ಊಟ ಹೋದರೆ ಅದರೊಂದಿಗೆ ನುಡಿಯೂ ಹೋಗುತ್ತದೆ. ಗೋಧಿಯ ಜಿಗುಟು ಜೋಳಕ್ಕಿಲ್ಲ. ಆದುದರಿಂದ ಎಸರು ಹಾಕಿ ಕೊಣಬಿಗೆಯಲ್ಲಿ ನಾದಬೇಕು, ಅಂಗೈಯಿಂದ ಬಡಿಯಬೇಕು, ಹೆಂಚಿನ ಮೇಲೆ ನೀರು ಸವರಬೇಕು. ನಾದು, ಬಡಿ, ಸವರು, ಎಸರು, ಕೊಣಬಿಗೆ, ಬುತ್ತಿ ಇವು ನಿಘಂಟಿನಿಂದ ಬಂದ ಶಬ್ದಗಳಲ್ಲ. ಕೈಯಿಂದ ಕೈಗೆ ಬಂದವು. ಪಾಠಶಾಲೆಯ ಕನ್ನಡವನ್ನು ಸರಕಾರದ ಆಜ್ಞೆಯಿಂದ ಉಳಿಸಬಹುದು. ಒಲೆಯ ಮುಂದಿನ ಕನ್ನಡಕ್ಕೆ ಆಜ್ಞೆ ನಡೆಯದು. ೨೦೨೩ನ್ನು ಸಂಯುಕ್ತ ರಾಷ್ಟ್ರಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಸೊಲ್ಲಾಪುರದ ಹೆಣ್ಣುಮಕ್ಕಳು ಬಡಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಇಂದು ಪುಣೆ–ಮುಂಬಯಿಗಳ ಅಂಗಡಿಯಲ್ಲಿ ಮಾರುತ್ತವೆ. ಒಳ್ಳೆಯ ಮಾಲದಂಡಿ ಗೋಧಿಗಿಂತ ತುಟ್ಟಿಯಾಗುವದೂ ಉಂಟು. ಬಡವನ ರೊಟ್ಟಿ ಬಡವನಿಗೇ ಎಟುಕದಂತಾಗಬಾರದೆಂಬ ಚಿಂತೆಯೂ ನಮಗಿದೆ.

ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ತಮ್ಮ ತಮ್ಮ ಊರಿನ ಮುದುಕಿಯರನ್ನು ಒಂದು ದಿನ ಶಾಲೆಗೆ ಕರೆಯಿರಿ. ಅಡಿಗೆಯ ಶಬ್ದಗಳನ್ನು ಮಕ್ಕಳಿಂದಲೇ ಬರೆಯಿಸಿರಿ. ನಾವು ಅದನ್ನು ಮಾಡಿದೆವು. ಆ ಹುಡುಗನ ಆಯಿಯೇ ಮೊದಲು ಬಂದಳು; ಶಾಲೆಯ ಅಂಗಳದಲ್ಲಿ ಒಲೆ ಹೂಡಿ ರೊಟ್ಟಿ ಬಡಿದಳು. ಅವನು ಪಕ್ಕದಲ್ಲಿ ಕುಳಿತು, ಅವಳು ಹೇಳಿದ ಒಂದೊಂದು ಹೆಸರನ್ನೂ ಬರೆದುಕೊಂಡನು. ಆ ವಹಿಯಲ್ಲಿ ಒಂದೂ ಗೀಟು ಇರಲಿಲ್ಲ.