ಗರ್ಭಕೋಶದ ಶಸ್ತ್ರಚಿಕಿತ್ಸೆ: ಗಾಟಿಂಗೆನ್‌ನಿಂದ ರೋಬೋಟಿನವರೆಗೆ



ಗರ್ಭಕೋಶವನ್ನು ತೆಗೆಸಿಕೊಳ್ಳಬೇಕಾಗಿ ಬಂದ ನನ್ನ ತಮ್ಮನ ಮಗಳಿಗೆ ವೈದ್ಯರು ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದ್ದರು. "ದೊಡ್ಡಪ್ಪ, ಅದನ್ನು ನಂಬಬಹುದೇ?" ಎಂದು ಕೇಳಿದಳು. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ನಾನು ಇತಿಹಾಸ ಹೇಳಿಕೊಟ್ಟವನು. ಆದುದರಿಂದ ಈ ಶಸ್ತ್ರಚಿಕಿತ್ಸೆ ನಡೆದುಬಂದ ದಾರಿಯನ್ನು ಓದತೊಡಗಿದೆ. 'ಮಾಡಲು ಸಾಧ್ಯ' ಎಂಬುದಕ್ಕೂ 'ಮಾಡಿಸಿಕೊಂಡರೆ ಕ್ಷೇಮ' ಎಂಬುದಕ್ಕೂ ಎಷ್ಟು ಅಂತರವಿದೆಯೆಂದು ಅಲ್ಲಿ ಕಂಡುಬಂದಿತು.

1813ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಕೊನ್ರಾಡ್ ಲಾಂಗೆನ್‌ಬೆಕ್ ಎಂಬ ಶಸ್ತ್ರವೈದ್ಯನು ಹೊಟ್ಟೆಯನ್ನು ಕೊಯ್ಯದೆ, ಯೋನಿಮಾರ್ಗವಾಗಿಯೇ ಗರ್ಭಕೋಶವನ್ನು ತೆಗೆದನು. ಅರಿವಳಿಕೆ ಇನ್ನೂ ಬಂದಿರದ ಕಾಲ. ಜೊತೆಗಿದ್ದ ವೈದ್ಯನು ಗೌಟ್ ಬಾಧೆಯಿಂದ ಕುರ್ಚಿ ಬಿಟ್ಟು ಏಳಲಾರದವನಾಗಿದ್ದನಂತೆ. ಲಾಂಗೆನ್‌ಬೆಕ್ ಒಂದು ಕೈಯಿಂದ ರಕ್ತಸ್ರಾವವನ್ನು ಒತ್ತಿಹಿಡಿದು, ಇನ್ನೊಂದು ಕೈ ಮತ್ತು ಹಲ್ಲುಗಳ ನೆರವಿನಿಂದ ದಾರದ ಗಂಟನ್ನು ಬಿಗಿದನೆಂದು ಹೇಳುತ್ತಾರೆ. ರೋಗಿಯು ಬದುಕಿದಳು, ಆದರೆ ಇತರ ವೈದ್ಯರು ನಂಬಲಿಲ್ಲ. ಆಕೆ ಮತ್ತೆ 26 ವರ್ಷ ಬಾಳಿ ತೀರಿಕೊಂಡ ಮೇಲೆ ಶವಪರೀಕ್ಷೆ ನಡೆದಾಗಲೇ ಆತನ ಮಾತು ದಿಟವೆನಿಸಿತು!

ಹೊಟ್ಟೆಯನ್ನು ಕೊಯ್ದು ತೆಗೆಯುವ ಕ್ರಮದ ಆರಂಭವಂತೂ ಇನ್ನೂ ದಾರುಣ. 1843ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಕ್ಲೇಯ ರೋಗಿ ರಕ್ತಸ್ರಾವದಿಂದ ಮಡಿದಳು. 1853ರಲ್ಲಿ ಅಮೆರಿಕದ ಲೋವೆಲ್‌ನಲ್ಲಿ ವಾಲ್ಟರ್ ಬರ್ನ್‌ಹ್ಯಾಮ್‌ನ ರೋಗಿ ಉಳಿದುಕೊಂಡಳು. ಆದರೆ ಮುಂದಿನ ವರ್ಷಗಳಲ್ಲಿ ಆತ ಮಾಡಿದ 15 ಶಸ್ತ್ರಚಿಕಿತ್ಸೆಗಳಲ್ಲಿ ಉಳಿದವರು ಮೂವರೇ. ಅರಿವಳಿಕೆ, ನಂಜುನಿವಾರಕ, ರಕ್ತದಾನ, ಪ್ರತಿಜೀವಕ ಇವೆಲ್ಲ ಒಂದೊಂದಾಗಿ ಬಂದ ಮೇಲಷ್ಟೇ ಅದು ನಿತ್ಯದ ಚಿಕಿತ್ಸೆಯಾಯಿತು. 1988ರಲ್ಲಿ ಅಮೆರಿಕದ ಹ್ಯಾರಿ ರೈಕ್ ಸಣ್ಣ ರಂಧ್ರಗಳ ಮೂಲಕ, ಅಂದರೆ ಲ್ಯಾಪ್ರೊಸ್ಕೋಪ್ ಬಳಸಿ, ಇದನ್ನು ಮಾಡಿ ತೋರಿಸಿದರು.

ಇನ್ನು ರೋಬೋಟ್. ಹೆಸರು ಕೇಳಿ ಯಂತ್ರವೇ ಕೊಯ್ಯುತ್ತದೆಯೆಂದು ಅನೇಕರು ಹೆದರುತ್ತಾರೆ. ಹಾಗಲ್ಲ. ವೈದ್ಯರು ಕೆಲವು ಅಡಿ ದೂರದಲ್ಲಿ ಕುಳಿತು ಕೈಕಾಲುಗಳಿಂದ ಅದನ್ನು ನಡೆಸುತ್ತಾರೆ. ಅವರ ಕೈಯ ಸಣ್ಣ ನಡುಕವನ್ನು ಯಂತ್ರವು ಸೋಸಿಬಿಡುತ್ತದೆ. ರಣರಂಗದ ಗಾಯಾಳುಗಳಿಗೆ ದೂರದಿಂದಲೇ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ಅಮೆರಿಕದ ಸೇನೆಯ ಹಂಬಲ ಇದರ ಹಿಂದಿತ್ತು. 2002ರಲ್ಲಿ ಟೆಕ್ಸಾಸಿನ ವೈದ್ಯರು 11 ಮಹಿಳೆಯರ ಗರ್ಭಕೋಶವನ್ನು ಹೀಗೆ ತೆಗೆದ ವರದಿಯನ್ನಿತ್ತರು. ಒಂದೊಂದಕ್ಕೂ ನಾಲ್ಕೂವರೆಯಿಂದ ಹತ್ತು ಗಂಟೆ ಹಿಡಿದಿತ್ತು. ಸಾಧ್ಯವೆಂಬುದೇನೋ ಸಿದ್ಧವಾಯಿತು. ಸ್ತ್ರೀರೋಗಗಳ ಶಸ್ತ್ರಚಿಕಿತ್ಸೆಗೆ 'ಡಾ ವಿಂಚಿ' ಯಂತ್ರವನ್ನು ಬಳಸಲು ಅಮೆರಿಕದ ಸರ್ಕಾರ 2005ರಲ್ಲಿ ಒಪ್ಪಿಗೆ ಕೊಟ್ಟಿತು.

ಕ್ಷೇಮದ ಲೆಕ್ಕ ಬರಲು ಇನ್ನಷ್ಟು ವರ್ಷಗಳು ಬೇಕಾದವು. ಕ್ಯಾನ್ಸರ್ ಅಲ್ಲದ ಕಾರಣಗಳಿಗಾಗಿ ಗರ್ಭಕೋಶ ತೆಗೆಸಿಕೊಂಡ 2,64,758 ಅಮೆರಿಕನ್ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ತೊಡಕುಗಳು ಲ್ಯಾಪ್ರೊಸ್ಕೋಪಿಯಲ್ಲಿ ನೂರಕ್ಕೆ 5.3, ರೋಬೋಟಿನಲ್ಲಿ 5.5, ಹೆಚ್ಚುಕಡಮೆ ಒಂದೇ. ಖರ್ಚು ಮಾತ್ರ ರೋಬೋಟಿನಲ್ಲಿ ಸುಮಾರು 2,200 ಡಾಲರ್ ಹೆಚ್ಚು. ಅಪಾಯ ಹೆಚ್ಚಿಲ್ಲ, ಲಾಭವೂ ಹೆಚ್ಚಿಲ್ಲ ಎಂದಾಯಿತು.

ನನ್ನನ್ನು ಬೆಚ್ಚಿಬೀಳಿಸಿದ್ದು 2018ರ ಪ್ರಯೋಗ. ಗರ್ಭಕೊರಳಿನ ಕ್ಯಾನ್ಸರಿನ ಆರಂಭದ ಹಂತದಲ್ಲಿದ್ದ 631 ಮಹಿಳೆಯರಲ್ಲಿ ಒಂದು ಗುಂಪಿಗೆ ಹೊಟ್ಟೆ ತೆರೆದು, ಇನ್ನೊಂದು ಗುಂಪಿಗೆ ಸಣ್ಣ ರಂಧ್ರಗಳ ಮೂಲಕ ಚಿಕಿತ್ಸೆ ಮಾಡಿದರು. ಎರಡನೆಯ ಗುಂಪಿನ ಕೆಲವರಿಗೆ ರೋಬೋಟನ್ನೂ ಬಳಸಿದ್ದರು. ನಾಲ್ಕೂವರೆ ವರ್ಷಗಳ ಬಳಿಕ ರೋಗ ಮರುಕಳಿಸದೆ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 96.5, ಎರಡನೆಯದರಲ್ಲಿ 86. ಅಷ್ಟು ವರ್ಷ ಹಲವು ದೇಶಗಳಲ್ಲಿ ನಂಬಿಕೆಯಿಂದ ನಡೆಸಿದ್ದ ಕ್ರಮವದು! ಗಡ್ಡೆ, ರಕ್ತಸ್ರಾವಗಳಂಥ ಕಾರಣಗಳಿಗೆ ಗರ್ಭಕೋಶ ತೆಗೆಸುವವರಿಗೆ ಈ ಫಲಿತಾಂಶ ಅನ್ವಯಿಸದು. ಹೆಣ್ಣುಮಕ್ಕಳು ಅನಗತ್ಯವಾಗಿ ಹೆದರಬಾರದು. ಆದರೆ ಕಾಯಿಲೆ ಯಾವುದು, ವೈದ್ಯರು ಈವರೆಗೆ ಇಂಥವು ಎಷ್ಟು ಮಾಡಿದ್ದಾರೆ, ಬೇರೆ ಮಾರ್ಗ ಏಕೆ ಬೇಡ ಎಂದು ಸಂಕೋಚವಿಲ್ಲದೆ ಕೇಳಲೇಬೇಕು.

ಆ ಬೇರೆ ಮಾರ್ಗಗಳಲ್ಲಿ ಅತ್ಯಂತ ಹಳೆಯದು ಲಾಂಗೆನ್‌ಬೆಕ್ ಹಿಡಿದ ಯೋನಿಮಾರ್ಗವೇ. ಕ್ಯಾನ್ಸರ್ ಅಲ್ಲದ ಕಾಯಿಲೆಗಳಿಗೆ, ಸಾಧ್ಯವಿರುವಲ್ಲೆಲ್ಲ ಅದನ್ನೇ ಮೊದಲು ಪರಿಗಣಿಸಬೇಕೆಂದು ಅಮೆರಿಕದ ಸ್ತ್ರೀರೋಗತಜ್ಞರ ಸಂಸ್ಥೆ 2017ರಲ್ಲಿ ಹೇಳಿತು. ಅದಕ್ಕೆ ರೋಬೋಟು ಬೇಕಿಲ್ಲ.