ಅಂಡಾಶಯದ ಕ್ಯಾನ್ಸರ್: ಲಕ್ಷಣಗಳನ್ನು ಗುರುತಿಸುವುದು ಹೇಗೆ?

ಅಂಡಾಶಯಗಳು ಗರ್ಭಕೋಶದ ಎರಡೂ ಪಾರ್ಶ್ವಗಳಲ್ಲಿ, ಕಿಬ್ಬೊಟ್ಟೆಯ ಆಳದಲ್ಲಿರುವ ಅಂಗಗಳು. ಇಲ್ಲಿ ಬೆಳೆಯುವ ಗೆಡ್ಡೆಯು ಹೊರಗೆ ಕಾಣುವುದಿಲ್ಲ. ಸ್ತನದ ಗಂಟಿನಂತೆ ಕೈಗೂ ಸಿಗುವುದಿಲ್ಲ. ಇದರ ಲಕ್ಷಣಗಳು ಅಜೀರ್ಣ ಮತ್ತು ಗ್ಯಾಸ್ಟ್ರಿಕ್ ತೊಂದರೆಯನ್ನು ಹೋಲುವುದರಿಂದ, ಬಹುಪಾಲು ಪ್ರಕರಣಗಳು ರೋಗವು ಹೊಟ್ಟೆಯ ಇತರ ಭಾಗಗಳಿಗೆ ಹರಡಿದ ನಂತರವೇ ಪತ್ತೆಯಾಗುತ್ತವೆ. ಅಂಡಾಶಯಕ್ಕೆ ಸೀಮಿತವಾಗಿರುವಾಗಲೇ ಪತ್ತೆಯಾದಲ್ಲಿ ಗುಣಮುಖರಾಗುವ ಸಾಧ್ಯತೆ ಬಹಳ ಹೆಚ್ಚು.

ಪ್ರಮುಖ ಲಕ್ಷಣಗಳು

1. ಹೊಟ್ಟೆ ಉಬ್ಬರಿಸುವುದು ಅಥವಾ ಸೊಂಟದ ಉಡುಪು ಬಿಗಿಯಾಗುವಂತೆ ಹೊಟ್ಟೆ ದಪ್ಪವಾಗುವುದು.
2. ಹೊಟ್ಟೆ ಅಥವಾ ಕಿಬ್ಬೊಟ್ಟೆಯಲ್ಲಿ ನೋವು.
3. ಸ್ವಲ್ಪ ಉಂಡೊಡನೆಯೇ ಹೊಟ್ಟೆ ತುಂಬಿದಂತಾಗುವುದು, ಊಟ ಸೇರದಿರುವುದು.
4. ಪದೇ ಪದೇ ಅಥವಾ ತಡೆಯಲಾಗದಂತೆ ಮೂತ್ರಕ್ಕೆ ಅವಸರವಾಗುವುದು.

ಋತುಬಂಧದ ನಂತರದ ರಕ್ತಸ್ರಾವ ಮತ್ತು ಕಾರಣವಿಲ್ಲದೆ ತೂಕ ಇಳಿಯುವುದನ್ನೂ ಕಡೆಗಣಿಸಬಾರದು.

ವೈದ್ಯರನ್ನು ಯಾವಾಗ ಕಾಣಬೇಕು?

ಈ ತೊಂದರೆಗಳು ಆಗೊಮ್ಮೆ ಈಗೊಮ್ಮೆ ಎಲ್ಲರಿಗೂ ಬರುತ್ತವೆ. ಹೊಸದಾಗಿ ಆರಂಭವಾಗಿ, ಬಿಡದೆ ಮರುಕಳಿಸುವುದೇ ಎಚ್ಚರಿಕೆಯ ಗುರುತು. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ವರ್ಷದ ಒಳಗೆ ಆರಂಭವಾಗಿ ತಿಂಗಳಿಗೆ 12ಕ್ಕಿಂತ ಹೆಚ್ಚು ದಿನ ಕಾಣಿಸುವ ಲಕ್ಷಣಗಳನ್ನು ಮುಖ್ಯವೆಂದು ಪರಿಗಣಿಸಿತು. ಅಂತಹವರು, ವಿಶೇಷವಾಗಿ 50 ವರ್ಷ ಮೀರಿದವರು, ಗ್ಯಾಸ್ಟ್ರಿಕ್ ಮಾತ್ರೆಗಳನ್ನೇ ಮುಂದುವರಿಸದೆ ಸ್ತ್ರೀರೋಗ ತಜ್ಞರನ್ನು ಕಾಣತಕ್ಕದ್ದು. ಲಕ್ಷಣ ಕಂಡ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋದಲ್ಲಿ ವೈದ್ಯರಿಗೆ ಅನುಕೂಲವಾಗುವುದು.

ಪರೀಕ್ಷೆಗಳು

ಕಿಬ್ಬೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮತ್ತು ಸಿ.ಎ.–125 ಎಂಬ ರಕ್ತ ಪರೀಕ್ಷೆ ಪ್ರಾಥಮಿಕ ಪರೀಕ್ಷೆಗಳಾಗಿವೆ. ಹೊಟ್ಟೆಯ ಕ್ಷಯ ಮತ್ತು ಎಂಡೋಮೆಟ್ರಿಯೋಸಿಸ್‌ನಲ್ಲಿಯೂ ಸಿ.ಎ.–125 ಏರುವುದರಿಂದ, ಈ ಒಂದೇ ವರದಿಯಿಂದ ಕ್ಯಾನ್ಸರ್ ಎಂದು ನಿರ್ಧರಿಸಲಾಗದು.

ಪ್ಯಾಪ್ ಪರೀಕ್ಷೆಯು ಗರ್ಭಕಂಠದ ಕ್ಯಾನ್ಸರಿಗೆ ಸಂಬಂಧಿಸಿದ್ದು. ಅದರ ವರದಿ ಸರಿಯಾಗಿದ್ದ ಮಾತ್ರಕ್ಕೆ ಅಂಡಾಶಯದಲ್ಲಿ ದೋಷವಿಲ್ಲವೆಂದು ಭಾವಿಸಬಾರದು. ಲಕ್ಷಣಗಳಿಲ್ಲದ ಮಹಿಳೆಯರಲ್ಲಿ ಈ ರೋಗವನ್ನು ಮುಂಚಿತವಾಗಿ ಪತ್ತೆಹಚ್ಚಿ ಸಾವು ತಪ್ಪಿಸಬಲ್ಲ ಸಾಮೂಹಿಕ ತಪಾಸಣೆ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ 2021ರ ವರದಿಯು ಇಂತಹ ತಪಾಸಣೆಯಿಂದ ಮರಣ ಪ್ರಮಾಣ ಇಳಿಯಲಿಲ್ಲವೆಂದು ತಿಳಿಸಿದೆ. ಆದ್ದರಿಂದ ಲಕ್ಷಣಗಳ ಅರಿವು ಅತ್ಯಗತ್ಯ.

ಯಾರು ಹೆಚ್ಚು ಜಾಗರೂಕರಾಗಿರಬೇಕು?

ತಾಯಿ, ಅಕ್ಕತಂಗಿಯರು ಅಥವಾ ಮಗಳಿಗೆ ಅಂಡಾಶಯದ ಕ್ಯಾನ್ಸರ್ ಇದ್ದವರು, ಹಾಗೂ ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಕಂಡಿದ್ದವರು ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಬಿ.ಆರ್.ಸಿ.ಎ.–1 ಮತ್ತು ಬಿ.ಆರ್.ಸಿ.ಎ.–2 ಎಂಬ ವಂಶವಾಹಿಗಳ ದೋಷವು ತಂದೆಯ ಕಡೆಯಿಂದಲೂ ಬರಬಹುದು.

ಚಿಕಿತ್ಸೆ ಮತ್ತು ಸೌಲಭ್ಯ

ಶಸ್ತ್ರಚಿಕಿತ್ಸೆ ಮತ್ತು ಕಿಮೋಥೆರಪಿ ಮುಖ್ಯ ಚಿಕಿತ್ಸೆಗಳು. ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು. ಕರ್ನಾಟಕದಲ್ಲಿ 2018ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಂಬ ಹೆಸರಿನಲ್ಲಿ ಜಾರಿಗೆ ಬಂದ ಯೋಜನೆಯಡಿ, ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಆಧಾರ್ ಚೀಟಿ, ಪಡಿತರ ಚೀಟಿ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ರೋಗಕ್ಕೆ ತಜ್ಞ ಚಿಕಿತ್ಸೆ ಲಭ್ಯವಿದೆ.

ಈ ಲಕ್ಷಣಗಳಿರುವ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದುದರಿಂದ ಭಯಪಡುವ ಅಗತ್ಯವಿಲ್ಲ. ಪರೀಕ್ಷೆಯನ್ನು ಮುಂದೂಡುವುದೂ ಸಲ್ಲದು.